ವಿಜಯಪುರದ ಶಾಲೆಗೆ ಮಗುವನ್ನು ಸೇರಿಸುವವರಿಗೆ

ಕಳೆದ ವಾರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಮೇ ಕೊನೆಗೆ ಅಮೆರಿಕ ಬಿಟ್ಟು ವಿಜಯಪುರಕ್ಕೆ ಬರುತ್ತಿದ್ದೇವೆ, ಮಗಳು ಒಂದನೇ ತರಗತಿ ಮುಗಿಸುತ್ತಾಳೆ, ಊರಿನ ಶಾಲೆಗೆ ಹೊಂದಿಕೊಂಡಾಳೇ ಎಂದು. ನಾಲ್ಕನೇ ಉತ್ತರಕ್ಕೇ ಮಾತು ಹಾದಿ ತಪ್ಪಿತು. ಸಿಬಿಎಸ್‌ಇ ಮೇಲೋ ರಾಜ್ಯ ಪಠ್ಯಕ್ರಮ ಮೇಲೋ ಎಂದು ದೊಡ್ಡವರು ಜಗಳಕ್ಕೆ ನಿಂತರು. ಕೇಳಿದವರು ಪಾಪ, ಸುಮ್ಮನಾಗಿಬಿಟ್ಟರು. ಏಳು ವರ್ಷದ ಮಗುವಿಗೆ ಪಠ್ಯಕ್ರಮದಿಂದ ಏನೂ ಆಗುವುದಿಲ್ಲ. ಯಾವಾಗ ಎದ್ದು ನಿಲ್ಲಬೇಕು, ಯಾರ ಡಬ್ಬಿಗೆ ಕೈ ಹಾಕಬಹುದು, ಚೀಲ ಯಾರು ತುಂಬಬೇಕು, ಇಂಥವುಗಳಲ್ಲೇ ಅದು ಮುಗ್ಗರಿಸುವುದು. ನಾವು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರದ ಊರಿನಲ್ಲಿ ಏಳು ವರ್ಷ ಇದ್ದು, ಎರಡು ವರ್ಷದ ಹಿಂದೆ ನನ್ನ ತವರಾದ ವಿಜಯಪುರಕ್ಕೆ ಮರಳಿದವರು. ಮಗನನ್ನು ಎರಡನೇ ತರಗತಿಗೆ ಸೇರಿಸಿದೆವು. ಮುಗ್ಗರಿಸಿದ ಜಾಗಗಳೆಲ್ಲ ನನಗೆ ಚೆನ್ನಾಗಿ ನೆನಪಿವೆ.

ಮೊದಲನೆಯದು, ಮಗುವಿನ ಬೇಸಿಗೆ ರಜೆ ಹೋಯಿತು ಎಂದೇ ತಿಳಿಯಿರಿ. ಟೆಕ್ಸಾಸ್‌ನಲ್ಲಿ ಶಾಲೆ ಮುಗಿಯುವುದು ಮೇ ಕೊನೆಗೆ, ಇಲ್ಲಿ ಶುರುವಾಗುವುದೂ ಆಗಲೇ. ವಿಮಾನದ ನಿದ್ದೆ ಇನ್ನೂ ಕಣ್ಣಲ್ಲಿರುವಾಗಲೇ ನನ್ನ ಮಗ ಸಮವಸ್ತ್ರ ತೊಟ್ಟು ನಿಂತಿದ್ದ. ಆಗಬಹುದಾದರೆ ಒಂದೆರಡು ವಾರ ತಡವಾಗಿ ಸೇರಿಸಲು ಮೊದಲೇ ಮಾತಾಡಿಕೊಳ್ಳಿ.

ಅಲ್ಲಿ ಆಗಸ್ಟ್‌ನಲ್ಲಿ ಶಾಲೆ ತೆರೆಯುವ ಮೊದಲೇ ಮನೆಗೆ ಒಂದು ಕಂತೆ ಕಾಗದ ಬಂದಿತ್ತು. ಎಷ್ಟು ಬಣ್ಣದ ಕಡ್ಡಿ, ಎಷ್ಟು ಅಂಟಿನ ಕೊಳವೆ ತರಬೇಕು. ರಾತ್ರಿ ಇಪ್ಪತ್ತು ನಿಮಿಷ ಮಗು ಓದಬೇಕು, ಓದಿದ್ದಕ್ಕೆ ನಾವು ಸಹಿ ಹಾಕಬೇಕು. ಗುರುವಾರ ಮನೆಗೆ ಬರುವ ಫೋಲ್ಡರನ್ನು ಶುಕ್ರವಾರ ಮರಳಿಸಬೇಕು. ತಡವಾದರೆ ಕಚೇರಿಯಲ್ಲಿ ಚೀಟಿ ಪಡೆದೇ ತರಗತಿಗೆ ಹೋಗಬೇಕು. ಪ್ರತಿ ಹಾಳೆಯ ಕೆಳಗೆ ನಮ್ಮ ಸಹಿಗೆ ಒಂದು ಗೆರೆ. ಆಗ ಎಷ್ಟು ಕಿರಿಕಿರಿಪಟ್ಟಿದ್ದೆನೆಂದರೆ, ಮನೆ ಕೊಳ್ಳುವಾಗಲೂ ಇಷ್ಟು ಸಹಿ ಹಾಕಿರಲಿಲ್ಲ ಎಂದು ಗಂಡನ ಹತ್ತಿರ ಗೊಣಗಿದ್ದೆ.

ಇಲ್ಲಿ ಬಂದದ್ದು ಪುಸ್ತಕದ ಪಟ್ಟಿ, ಶುಲ್ಕದ ರಸೀದಿ ಮತ್ತು ಒಂದು ಡೈರಿ. ಡೈರಿಯ ಮೊದಲ ಪುಟದಲ್ಲಿ ಉಗುರು ಕತ್ತರಿಸಿರಬೇಕು, ಕೂದಲಿಗೆ ಎಣ್ಣೆ ಹಚ್ಚಿರಬೇಕು ಎಂದೆಲ್ಲ ಇತ್ತು. ನಿಜವಾದ ನಿಯಮಗಳು ಅದರಲ್ಲಿ ಇರಲಿಲ್ಲ. ಅವು ಗೇಟಿನ ಎದುರಿನ ಬೇವಿನ ಮರದ ಕೆಳಗೆ ಸಿಕ್ಕವು. ಮೂವರು ಮೊಮ್ಮಕ್ಕಳನ್ನು ಅದೇ ಶಾಲೆಗೆ ಕಳಿಸಿದ ಅಜ್ಜಿಯೊಬ್ಬರು ದಿನವೂ ಅಲ್ಲಿ ಕೂರುತ್ತಾರೆ. ಮೊದಲ ಶನಿವಾರ ಮಗನನ್ನು ಎಂದಿನಂತೆ ನೀಲಿ ಚಡ್ಡಿ ತೊಡಿಸಿ ಒಂಬತ್ತೂವರೆಗೆ ಕರೆತಂದಾಗ ಅವರು ಹಣೆ ಚಚ್ಚಿಕೊಂಡರು. ಶನಿವಾರ ಬೆಳಗಿನ ಶಾಲೆ, ಬಿಳಿ ಬಟ್ಟೆ, ಬಿಳಿ ಬೂಟು. ಮಕ್ಕಳು ಒಳಗೆ ಹೋಗಿ ಎರಡು ತಾಸು ಆಗಿತ್ತು. ಯಾರೂ ಹೇಳಲಿಲ್ಲವಲ್ಲ ಎಂದೆ. ‘ಇದನ್ನೂ ಹೇಳಬೇಕೇ?’ ಎಂದರು. ಶಾಲೆಯವರದೂ ಅದೇ ಮುಖಭಾವ. ಆದ್ದರಿಂದ ಮೊದಲ ಹದಿನೈದು ದಿನ ವ್ಯಾನ್ ಬೇಡ, ನೀವೇ ಗೇಟಿನ ತನಕ ಹೋಗಿ, ಹತ್ತು ನಿಮಿಷ ನಿಂತುಕೊಳ್ಳಿ. ಅಲ್ಲಿಯ ಕಾಗದದ ಕಂತೆಗೆ ಇಲ್ಲಿ ಸಮ ಯಾವುದಾದರೂ ಇದ್ದರೆ ಅದು ಆ ಹತ್ತು ನಿಮಿಷ.

ಟೆಕ್ಸಾಸ್‌ನ ಶಾಲೆಗಳಲ್ಲಿ ಬೆಳಿಗ್ಗೆ ಮಕ್ಕಳು ಎದೆಯ ಮೇಲೆ ಬಲಗೈ ಇಟ್ಟು ಮೊದಲು ದೇಶದ ಧ್ವಜಕ್ಕೆ, ಆಮೇಲೆ ಟೆಕ್ಸಾಸ್‌ನ ಧ್ವಜಕ್ಕೆ ಪ್ರತಿಜ್ಞೆ ಹೇಳಿ, ಒಂದು ನಿಮಿಷ ಮೌನವಾಗಿರುತ್ತಾರೆ. ನನ್ನ ಮಗ ಇಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಾಡಗೀತೆ ಶುರುವಾದ ಕೂಡಲೇ ಎದೆಯ ಮೇಲೆ ಕೈ ಇಟ್ಟುಕೊಂಡನಂತೆ. ದೈಹಿಕ ಶಿಕ್ಷಕರು ಬಂದು ಮೆಲ್ಲಗೆ ಕೈ ಇಳಿಸಿದರು. ಎಲ್ಲ ಮುಗಿದ ಮೇಲೆ, ಒಂದು ನಿಮಿಷದ ಮೌನ ಯಾವಾಗ ಎಂದು ಇವನು ಕೇಳಿದ. ‘ಆರುನೂರು ಮಕ್ಕಳಪ್ಪ, ಮೌನ ಎಲ್ಲಿಂದ ತರಲಿ?’ ಎಂದು ಅವರು ನಕ್ಕರಂತೆ. ಅಕ್ಕೋರು, ಅಂದರೆ ಶಿಕ್ಷಕಿ, ತರಗತಿಯೊಳಗೆ ಬಂದಾಗ ಎಲ್ಲರೂ ಎದ್ದು ನಿಂತು ರಾಗವಾಗಿ ನಮಸ್ಕಾರ ಹೇಳುವುದು ಅವನಿಗೆ ಎರಡೇ ದಿನಕ್ಕೆ ಬಂತು, ಇಷ್ಟವೂ ಆಯಿತು.

ಇನ್ನು ಡಬ್ಬಿಯ ಸಂಗತಿ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಯಾರೂ ನನಗೆ ಎಚ್ಚರಿಸಿರಲಿಲ್ಲ.

ಅಲ್ಲಿ ಮಗನ ತರಗತಿಯಲ್ಲಿ ಒಂದು ಮಗುವಿಗೆ ಶೇಂಗಾ ಅಲರ್ಜಿ ಇತ್ತು. ಬಾಗಿಲಿಗೆ ಶೇಂಗಾ ಚಿತ್ರ ಬರೆದು, ಅದರ ಮೇಲೆ ಕೆಂಪು ಗೆರೆ ಎಳೆದ ಹಾಳೆ ಅಂಟಿಸಿದ್ದರು. ಅಂಥ ಮಗುವಿಗೆ ಚೂರು ಶೇಂಗಾ ತಗುಲಿದರೂ ಗಂಟಲು ಊದಿ ಉಸಿರು ಕಟ್ಟಬಹುದು ಎಂದು ಎಲ್ಲ ಮಕ್ಕಳಿಗೂ ಹೇಳಿಕೊಟ್ಟಿದ್ದರು. ಒಬ್ಬರ ಊಟ ಒಬ್ಬರು ಮುಟ್ಟುವಂತಿಲ್ಲ. ನನ್ನ ತಾಯಿ ಊರಿನಿಂದ ಕಳಿಸುತ್ತಿದ್ದ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ನಾವು ರಾತ್ರಿ ಊಟಕ್ಕೆ ಮಾತ್ರ ತೆಗೆಯುತ್ತಿದ್ದೆವು, ಆಮೇಲೆ ಮಗ ಸಾಬೂನು ಹಚ್ಚಿ ಮೊಣಕೈ ತನಕ ತೊಳೆದುಕೊಳ್ಳುತ್ತಿದ್ದ. ಆರು ವರ್ಷದ ಹುಡುಗನ ಮೈಯಲ್ಲಿ ಆ ಪಾಠ ಇಳಿದುಬಿಟ್ಟಿತ್ತು.

ಆ ಹುಡುಗ ಬಂದದ್ದು ಎಲ್ಲಿಗೆ? ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಇಲ್ಲದೆ ಡಬ್ಬಿ ಮುಚ್ಚದ ಊರಿಗೆ. ಮೊದಲ ವಾರವೇ ಪಕ್ಕದಲ್ಲಿ ಕೂತ ಹುಡುಗ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ತಗೋ ಎಂದು ಕೊಟ್ಟ. ನನ್ನ ಮಗ ಎರಡೂ ಕೈ ಬೆನ್ನ ಹಿಂದೆ ಎಳೆದುಕೊಂಡು ಅಕ್ಕೋರನ್ನು ಕೂಗಿದ. ಕೊಟ್ಟ ಹುಡುಗ ಅತ್ತ. ಮರುದಿನ ಅವನ ತಾಯಿ ಗೇಟಿನಲ್ಲಿ ನನ್ನನ್ನು ಕಂಡೂ ಕಾಣದವರಂತೆ ಹೋದರು. ನಮ್ಮ ಕಡೆ ಒಬ್ಬರ ಡಬ್ಬಿಯ ಅನ್ನವನ್ನು ಇನ್ನೊಬ್ಬರು ಮುಟ್ಟದೆ ಇರುವುದಕ್ಕೆ ಹಳೆಯ ಅರ್ಥವೊಂದಿದೆ. ಇಲ್ಲಿ ಇರುವ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ವಿಳಾಸ ಕೇಳಿಕೊಂಡು ಅವರ ಮನೆಗೆ ಹೋದೆ. ಅಲರ್ಜಿ ಎಂಬ ಮಾತು ಅರ್ಥ ಮಾಡಿಸಲು ಅರ್ಧ ತಾಸು ಹಿಡಿಯಿತು. ಶೇಂಗಾ ತಿಂದು ಮನುಷ್ಯರು ಸಾಯುತ್ತಾರೆಯೇ ಎಂದು ಅವರ ಅತ್ತೆ ಮೂರು ಸಲ ಕೇಳಿದರು. ಬರುವಾಗ ಮಗನ ಕೈಯಲ್ಲಿ ಶೇಂಗಾ ಹೋಳಿಗೆ ಇಟ್ಟರು. ಅವನು ನನ್ನ ಮುಖ ನೋಡಿದ, ನಾನು ಹೂಂ ಎಂದೆ, ಅಲ್ಲೇ ನಿಂತು ತಿಂದ. ಇಂದು ಆ ಹುಡುಗನೇ ಅವನ ಜೀವದ ಗೆಳೆಯ. ನಿಮ್ಮ ಮಗಳಿಗೂ ಹೊರಡುವ ಮೊದಲೇ ಇದನ್ನು ಹೇಳಿಡಿ. ಅಲರ್ಜಿ ನಿಜವಾಗಿ ಇರುವ ಮಗುವಾದರೆ ಮಾತ್ರ ತರಗತಿ ಶಿಕ್ಷಕರಿಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ, ಬರೆದು ಕೊಡಿ, ಔಷಧಿಯನ್ನೂ ತೋರಿಸಿ. ಇಲ್ಲಿ ಯಾರಿಗೂ ಆ ಭಯದ ಅಭ್ಯಾಸವಿಲ್ಲ.

ಹಾಜರಿಯ ವಿಷಯದಲ್ಲಿ ನಾನೇ ಬದಲಾದೆ. ಟೆಕ್ಸಾಸ್‌ನಲ್ಲಿ ಶೇ 90ರಷ್ಟು ಹಾಜರಿ ಇರಲೇಬೇಕು, ಒಂದು ದಿನ ತಪ್ಪಿದರೂ ಮನೆಗೆ ಕರೆ ಬರುತ್ತದೆ. ಇಲ್ಲಿ ಎಳ್ಳ ಅಮಾವಾಸ್ಯೆಗೆ ನನ್ನ ಅಪ್ಪ ಚರಗ ಚೆಲ್ಲಲು, ಅಂದರೆ ಪೈರಿಗೆ ಎಡೆ ಚೆಲ್ಲಿ ಪೂಜಿಸಲು, ಹೊಲಕ್ಕೆ ಹೊರಟಾಗ, ಮಗ ಚಕ್ಕಡಿ ಹತ್ತುವ ಮೊದಲು ಕೇಳಿದ್ದು ‘ಶಾಲೆಗೆ ಇಮೇಲ್ ಮಾಡಿದೆಯಾ?’ ಎಂದು. ಹೊಲದಲ್ಲಿ ಅವನ ತರಗತಿಯ ಇನ್ನೂ ಇಬ್ಬರು ಸಿಕ್ಕರು, ಬದುವಿನ ಮೇಲೆ ಕೂತು ಭಜ್ಜಿ ಮತ್ತು ಸಜ್ಜೆ ರೊಟ್ಟಿ ತಿನ್ನುತ್ತಿದ್ದರು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದರಂತೂ ಮಕ್ಕಳ ಮನಸ್ಸು ಶಾಲೆಯಲ್ಲಿ ಇರುವುದೇ ಇಲ್ಲ. ಇದನ್ನು ಅಶಿಸ್ತು ಎನ್ನುವವರು ಎನ್ನಲಿ.

ಆದರೆ ಒಂದು ಮಾತಿನಲ್ಲಿ ಅಲ್ಲಿಯ ಕಟ್ಟುನಿಟ್ಟನ್ನೇ ಹಿಡಿದುಕೊಂಡಿದ್ದೇನೆ. ನನ್ನ ಅಪ್ಪ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರು. ಡಲ್ಲಾಸ್‌ಗೆ ಬಂದಾಗ ಒಂದು ದಿನ ಮೊಮ್ಮಗನನ್ನು ಕರೆತರಲು ಹೋದರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಮಗುವನ್ನು ಕೊಡಲಿಲ್ಲ. ‘ತಾತಾ’ ಎಂದು ಮಗು ಕೂಗಿದರೂ ಕೊಡಲಿಲ್ಲ. ಅಪ್ಪ ವಾರಗಟ್ಟಲೆ ಆ ಅವಮಾನವನ್ನು ಅಗಿಯುತ್ತಿದ್ದರು. ಇಲ್ಲಿಗೆ ಬಂದ ಎರಡನೇ ತಿಂಗಳು, ದಾರಿಯಲ್ಲಿ ಸಿಕ್ಕ ನೆರೆಮನೆಯವರ ಬೈಕಿಗೆ ವ್ಯಾನ್ ಚಾಲಕ ನನ್ನ ಮಗನನ್ನು ಹತ್ತಿಸಿಬಿಟ್ಟ. ಮಗು ಕ್ಷೇಮವಾಗಿ, ಕೈಯಲ್ಲಿ ಐಸ್‌ಕ್ರೀಂ ಹಿಡಿದು ಬಂತು. ನಾನು ಕೂಗಾಡಿದೆ. ನೆರೆಯವರು ನೊಂದುಕೊಂಡರು, ಓಣಿಯವರು ಅಮೆರಿಕದ ಗಾಳಿ ಇನ್ನೂ ಇಳಿದಿಲ್ಲ ಎಂದರು. ಆಗ ಅಪ್ಪ ಎದ್ದು ಹೋಗಿ ಡೈರಿ ತಂದು, ಕೊನೆಯ ಪುಟದಲ್ಲಿ ಮಗುವನ್ನು ಯಾರು ಯಾರು ಕರೆದೊಯ್ಯಬಹುದು ಎಂದು ದುಂಡು ಅಕ್ಷರದಲ್ಲಿ ನಾಲ್ಕು ಹೆಸರು ಬರೆದು, ಕೆಳಗೆ ಸಹಿ ಮಾಡಿದರು. ಮೊದಲ ಹೆಸರು ಅವರದೇ. ಶಾಲೆಯವರು ಮೊದಲು ನಕ್ಕರು, ಈಗ ಪಾಲಿಸುತ್ತಾರೆ.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಬಿಡಿ ಅಕ್ಷರ, ಇಲ್ಲಿ ನಾಲ್ಕು ಗೆರೆಯ ನೋಟ್‌ಬುಕ್ಕಿನಲ್ಲಿ ಕೂಡಿಸಿ ಬರೆಯುವುದು. ಅಲ್ಲಿ ತಾರೀಖಿನಲ್ಲಿ ತಿಂಗಳು ಮೊದಲು, ಇಲ್ಲಿ ದಿನ ಮೊದಲು. ಜುಲೈ 6 ಎಂದು ಬರೆಯಲು ಹೋಗಿ ಮಗ ಜೂನ್ 7ಕ್ಕೆ ಹೋಗಿ ಕೂತಿದ್ದ. ‘ಎರಡೊಂದಲೆ ಎರಡು’ ಎಂದು ಮಗ್ಗಿಯನ್ನು ಹಾಡುವುದು ಒಂದು ತಿಂಗಳಲ್ಲಿ ಬಂತು. ಕನ್ನಡ ತಪ್ಪಿಸಿಕೊಳ್ಳಬಹುದೇ ಎಂದು ಕೆಲವರು ಈ ಗುಂಪಿನಲ್ಲಿ ಕೇಳಿದ್ದನ್ನು ನೋಡಿ ಕೋಪ ಬಂತು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ತಪ್ಪಿಸಿಕೊಳ್ಳುವ ದಾರಿ ಹುಡುಕುವ ಬದಲು, ಹೊರಡುವ ಮುಂಚೆ ಕಾಗುಣಿತ ಮುಗಿಸಿ. ಒತ್ತಕ್ಷರವನ್ನು ಅಜ್ಜಿಯರು ನೋಡಿಕೊಳ್ಳುತ್ತಾರೆ.

ಒಂದು ಅಡ್ಡ ಮಾತು. ನನ್ನ ಅತ್ತಿಗೆ ತಿಕೋಟಾ ಕಡೆಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ನಡೆಸುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ, ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ನೆಲದ ಮೇಲೆ ಗುಂಪು ಗುಂಪಾಗಿ ಕೂತು, ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು, ಅದರ ಕಾರ್ಡನ್ನು ತಾವೇ ಎತ್ತಿಕೊಂಡು ಕೆಲಸಕ್ಕೆ ತೊಡಗುತ್ತಾರೆ. ತಲೆಯ ಮೇಲೆ ದಾರಕ್ಕೆ ಕಟ್ಟಿದ ಅವರದೇ ಚಿತ್ರಗಳ ಚಪ್ಪರ. ಮಧ್ಯಾಹ್ನ ಬಿಸಿಯೂಟ. ಅದನ್ನೆಲ್ಲ ನೋಡಿದ ಮಗ, ಇದು ನನ್ನ ಡಲ್ಲಾಸ್ ಕ್ಲಾಸಿನಂತೆಯೇ ಇದೆಯಲ್ಲ ಎಂದ. ಸಾಲು ಬೆಂಚಿನ ಅವನ ಖಾಸಗಿ ಶಾಲೆಗೆ ನಾನು ಕಟ್ಟಿದ ಶುಲ್ಕ ನೆನಪಾಗಿ ಸುಮ್ಮನಿದ್ದೆ.

ಕೊನೆಗೆ ಪಾಟೀಚೀಲ. ನನ್ನ ಮನೆಯಲ್ಲಿ ನಿಜವಾದ ಯುದ್ಧ ನಡೆದದ್ದು ಇದರ ಸುತ್ತ. ಅಲ್ಲಿ ಅವನ ಚೀಲದಲ್ಲಿ ಇರುತ್ತಿದ್ದದ್ದು ಒಂದು ಫೋಲ್ಡರ್, ಒಂದು ಕತೆ ಪುಸ್ತಕ, ನೀರು. ತರಗತಿಗೆ ಹೋದ ಕೂಡಲೇ ಚೀಲವನ್ನು ತನ್ನ ಹೆಸರಿನ ಕೊಕ್ಕೆಗೆ ತಾನೇ ಹಾಕಿ, ಫೋಲ್ಡರ್ ತೆಗೆದು ಬುಟ್ಟಿಗೆ ಇಡುತ್ತಿದ್ದ. ಇಲ್ಲಿ ಒಂದು ದಿನ ಅವನ ಚೀಲವನ್ನು ಅಮ್ಮನ ಕಾಳಿನ ತಕ್ಕಡಿಯಲ್ಲಿ ಇಟ್ಟೆ: 4 ಕಿಲೋ 200 ಗ್ರಾಂ. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುವುದು ಮಗುವಿನ ತೂಕದ ಶೇ 10 ಮೀರಬಾರದು, ಎರಡನೇ ತರಗತಿಯ ತನಕ ಮನೆಗೆಲಸ ಕೊಡಬಾರದು ಎಂದು. ಮಗನ ತೂಕ ಆಗ 23 ಕಿಲೋ. ಮನೆಗೆಲಸ ದಿನವೂ ಎರಡು ಪುಟ. ಕೇಳಿದಾಗ ಅಕ್ಕೋರು, ಕೊಡದಿದ್ದರೆ ಉಳಿದ ಪಾಲಕರು ಜಗಳಕ್ಕೆ ಬರುತ್ತಾರೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಪಾಲಕರ ಸಭೆಯಲ್ಲಿ ನನ್ನ ಕಿವಿಯಾರೆ ಕೇಳಿದ್ದೇನೆ.

ತೂಕ ಅರ್ಧಕ್ಕೆ ಇಳಿದದ್ದು ವೇಳಾಪಟ್ಟಿ ನೋಡಿ ತುಂಬಿದಾಗ. ಅದುವರೆಗೆ ತುಂಬುತ್ತಿದ್ದವರು ನನ್ನ ಅಮ್ಮ. ಯಾವುದೂ ತಪ್ಪಬಾರದೆಂದು ಎಲ್ಲವನ್ನೂ ತುರುಕುತ್ತಿದ್ದರು. ಬೂಟಿನ ಲಾಡಿ ಅವರೇ ಕಟ್ಟುತ್ತಿದ್ದರು, ತುತ್ತು ಅವರೇ ಇಡುತ್ತಿದ್ದರು. ಒಂದೇ ವರ್ಷದಲ್ಲಿ ನನ್ನ ಮಗ ಏಳು ವರ್ಷದವನಿಂದ ನಾಲ್ಕು ವರ್ಷದವನಾಗಿಬಿಟ್ಟಿದ್ದ. ಬಾಗಿಲ ಪಕ್ಕ ಅವನ ಎತ್ತರಕ್ಕೆ ಒಂದು ಮೊಳೆ ಹೊಡೆದೆ. ಚೀಲ ಅಲ್ಲಿ ತೂಗಬೇಕು, ರಾತ್ರಿ ಅವನೇ ತುಂಬಬೇಕು, ಬೇರೆ ಯಾರೂ ಮುಟ್ಟಬಾರದು. ಮೊದಲ ವಾರ ಎರಡು ಸಲ ಗಣಿತದ ನೋಟ್‌ಬುಕ್ ಮರೆತು ತರಗತಿಯಲ್ಲಿ ಎದ್ದು ನಿಂತ. ಅಮ್ಮ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ತುತ್ತಿನ ವಿಷಯದಲ್ಲಿ ನಾನು ಸೋತೆ, ಅದು ಈಗಲೂ ನಡೆದಿದೆ.

ಕೇಳಿದವರಿಗೆ ಇನ್ನೊಂದು: ಒಂದನೇ ತರಗತಿಗೆ ಇಲ್ಲಿ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಟೆಕ್ಸಾಸ್‌ನಲ್ಲಿ ಲೆಕ್ಕ ಸೆಪ್ಟೆಂಬರ್ 1ಕ್ಕೆ. ಮಗಳು ಜೂನ್‌ನಿಂದ ಆಗಸ್ಟ್ ನಡುವೆ ಹುಟ್ಟಿದವಳಾದರೆ, ಅಲ್ಲಿ ಒಂದನೇ ತರಗತಿ ಮುಗಿಸಿದ್ದರೂ ಇಲ್ಲಿಯ ಲೆಕ್ಕಕ್ಕೆ ಎರಡನೆಯದಕ್ಕೆ ಚಿಕ್ಕವಳಾಗಬಹುದು, ಈಗಲೇ ಶಾಲೆಯೊಂದಿಗೆ ಮಾತಾಡಿ. ಜನನ ಪ್ರಮಾಣಪತ್ರ, ಅಲ್ಲಿಯ ಪ್ರಗತಿ ಪತ್ರ, ಲಸಿಕೆಯ ದಾಖಲೆ ಕೈಚೀಲದಲ್ಲೇ ಇರಲಿ. ಉಳಿದದ್ದನ್ನು ಬಂದ ಮೇಲೆ ಬೇವಿನ ಮರದ ಕೆಳಗೆ ಕೇಳಿ, ಅಜ್ಜಿ ಇರುತ್ತಾರೆ. ನಾನು ಏಳುತ್ತೇನೆ, ನಾಳೆ ಶನಿವಾರ, ಬಿಳಿ ಬೂಟು ಇನ್ನೂ ಒಣಗಿಲ್ಲ.