ಗೈಡ್ ಇಲ್ಲದೆ ಗುಡ್ಡ-ಕೊಳ್ಳ ಸುತ್ತಬೇಕು: ಖಾನಾಪುರವೋ, ಗೋಕಾಕವೋ, ಬಾದಾಮಿಯೋ?

ಬೆಳಗಾವಿಯಿಂದ, ಕೇಳುತ್ತಿರುವವರು:

ದಸರಾ ರಜೆಯಲ್ಲಿ ನಾಲ್ಕೈದು ದಿನ ನಡೆದೇ ಗುಡ್ಡ, ಕಣಿವೆ ಸುತ್ತಬೇಕು ಅಂತ ಆಸೆ. ನಾನು, ನಮ್ಮ ಮನೆಯವರು, ಹೈಸ್ಕೂಲಿಗೆ ಹೋಗುವ ಮಗಳು. ಪ್ಯಾಕೇಜ್ ಬೇಡ, ಗೈಡ್ ಬೇಡ, ಸೀಟಿ ಊದಿ ಎಬ್ಬಿಸುವವರಂತೂ ಬೇಡವೇ ಬೇಡ. ಬೆನ್ನಿಗೆ ಬ್ಯಾಗು, ಊರಿಂದ ಊರಿಗೆ ನಡಿಗೆ, ಸಿಕ್ಕಲ್ಲಿ ವಸತಿ. ಮನೆಯವರು ಖಾನಾಪುರದ ಕಾಡು ಅಂತಾರೆ. ಮಗಳಿಗೆ ಗೋಕಾಕ ಫಾಲ್ಸ್. ನನಗೆ ಬಾದಾಮಿ. ಹೋಗಿ ಬಂದವರು ಹೇಳಿ: ದಾರಿ ನಮಗೇ ತಿಳಿಯುತ್ತದಾ? ನೀರು, ಊಟ, ಉಳಿಯುವುದು ಹೇಗೆ? ಮನೆಯವರಿಗೆ ರಜೆ ಪೂರ್ತಿ ಸಿಗದಿದ್ದರೆ ಒಂದೆರಡು ದಿನ ನಾನು, ಮಗಳು ಇಬ್ಬರೇ ನಡೆಯಬಹುದಾ?

ಖಾನಾಪುರದಿಂದ:

ನಿಮ್ಮ ಮನೆಯವರ ಆಸೆಗೆ ತಣ್ಣೀರು ಎರಚುತ್ತಿದ್ದೇನೆ, ಬೇಜಾರಾಗಬೇಡಿ ಅಕ್ಕಾ. ನಮ್ಮ ಕಾಡು ಚಂದ, ಆದರೆ ನೀವು ಹೇಳಿದ ಹಾಗೆ ಮನಸ್ಸಿಗೆ ಬಂದ ಕಡೆ ತಿರುಗುವ ಕಾಡಲ್ಲ. ಭೀಮಗಡ 2011ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಅನುಮತಿ ಕೊಟ್ಟರೂ ಅವರು ಹೇಳಿದ ದಾರಿ, ಅವರು ಹೇಳಿದ ಹೊತ್ತು. ಅಲ್ಲಿನ ಬಾರಾಪೇಡೆ ಗುಹೆಯಲ್ಲಿ ಒಂದು ಜಾತಿಯ ಬಾವಲಿ ಇದೆ, ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಕಂಡಿರುವಂಥದ್ದು. ಅಂಥ ಕಡೆ ನಾವು ಹೋಗದಿದ್ದರೆ ಯಾರಿಗೂ ನಷ್ಟ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಕ್ಯಾಸಲ್‌ರಾಕ್‌ನಿಂದ ರೈಲು ಹಳಿ ಮೇಲೆ ನಡೆದು ದೂಧಸಾಗರಕ್ಕೆ ಹೋಗುವ ವಿಡಿಯೊಗಳನ್ನು ನಿಮ್ಮ ಮಗಳು ನೋಡಿರಬಹುದು. ಹಳಿ ಮೇಲೆ ನಡೆಯುವುದು ಅಪರಾಧ. ಆ ಯೋಚನೆ ಬಿಟ್ಟುಬಿಡಿ.

ಒಂದು ದಿನ ಇದ್ದರೆ ಜಾಂಬೋಟಿ ದಾರಿಯಲ್ಲಿ ಕಣಕುಂಬಿಗೆ ಹೋಗಿ ಬನ್ನಿ. ಮಲಪ್ರಭೆ ಹುಟ್ಟುವುದು ಅಲ್ಲೇ. ಆಮೇಲೆ ಅದೇ ಹೊಳೆಯನ್ನು ಪಟ್ಟದಕಲ್ಲಿನಲ್ಲಿ ನೋಡಿದರೆ ಮಗಳಿಗೂ ಮಜಾ ಅನಿಸುತ್ತದೆ.

ಬಾದಾಮಿಯಿಂದ:

ನಾನು ಇದೇ ಊರಿನವನು, ಪಕ್ಷಪಾತ ಇದ್ದೇ ಇರುತ್ತದೆ. ಆದರೂ ಗೈಡ್ ಇಲ್ಲದೆ ನಡೆಯುವುದಕ್ಕೆ ಈ ಮೂರರಲ್ಲಿ ಬಾದಾಮಿಯೇ ಸರಿ. ಗುಡ್ಡ ಎತ್ತರ ಇಲ್ಲ, ಊರು ದೂರ ಇಲ್ಲ, ಪ್ರತಿ ಕೊಳ್ಳದಲ್ಲೂ ಒಂದು ಗುಡಿ, ಒಂದು ನೀರಿನ ಸೆಲೆ.

ಮೊದಲು ಒಂದು ಬದಲಾವಣೆ ಮಾಡಿ. ಊರಿಂದ ಊರಿಗೆ ಬ್ಯಾಗ್ ಹೊತ್ತು ನಡೆಯುವುದು ಇಲ್ಲಿ ಆಗುವುದಿಲ್ಲ. ದಾರಿಯುದ್ದಕ್ಕೂ ಉಳಿಯುವ ಜಾಗಗಳಿಲ್ಲ. ಬಾದಾಮಿಯಲ್ಲಿ ರೂಮ್ ಹಿಡಿಯಿರಿ, ದಿನಾ ಒಂದು ದಿಕ್ಕಿಗೆ ನಡೆಯಿರಿ, ಸಂಜೆ ಟಂಟಂ (ಶೇರ್ ಆಟೊ) ಅಥವಾ ಬಸ್ಸು ಹಿಡಿದು ವಾಪಸ್ ಬನ್ನಿ. ಹೊರೆ ಹೊರುವ ಕಷ್ಟವೂ ತಪ್ಪುತ್ತದೆ, ಬಿಸಿನೀರಿನ ಸ್ನಾನವೂ ಸಿಗುತ್ತದೆ. ದಸರಾ ರಜೆಗೆ ಪ್ರವಾಸಿಗರು ಜಾಸ್ತಿ, ರೂಮ್ ಮೊದಲೇ ಹೇಳಿಡಿ.

ಮೊದಲ ದಿನ ಊರಲ್ಲೇ ಕಾಲು ಪಳಗಿಸಿ. ಅಗಸ್ತ್ಯತೀರ್ಥ ಕೆರೆಯ ಎರಡೂ ಬದಿ ಗುಡ್ಡ. ದಕ್ಷಿಣಕ್ಕೆ ಗುಹೆಗಳು. ಮೂರನೆಯದರಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನ ಇದೆ. ಉತ್ತರದಲ್ಲಿ ಮ್ಯೂಸಿಯಂ ಪಕ್ಕದಿಂದ ಹತ್ತಿದರೆ ಎರಡು ಬಂಡೆಗಳ ನಡುವೆ ಸೀಳಿದಂಥ ಇಕ್ಕಟ್ಟಿನ ದಾರಿ. ಮಧ್ಯಾಹ್ನ ಕೂಡ ಅಲ್ಲಿ ತಂಪು. ಅದನ್ನು ದಾಟಿ ಮೇಲೆ ಹೋದರೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಸಂಜೆ ಕೆರೆ ಬಳಸಿಕೊಂಡು ಭೂತನಾಥ ಗುಡಿಗೆ ಹೋಗಿ. ಹಿಂದಿನ ದಿನ ಜೋರು ಮಳೆ ಬಂದಿದ್ದರೆ ಅಕ್ಕ-ತಂಗಿ ಜಲಪಾತ ಬಂಡೆಯ ಮೇಲಿಂದ ಇಳಿಯುವುದು ಕಾಣುತ್ತದೆ. ಮಳೆ ಇಲ್ಲದಿದ್ದರೆ ಬರೀ ಕರಿ ಗೆರೆ ಅಷ್ಟೇ.

ಎರಡನೇ ದಿನ ಮಹಾಕೂಟ. ರಸ್ತೆಯಲ್ಲಿ ಸುತ್ತು, ಗುಡ್ಡದ ಮೇಲಿನ ಹಳೇ ದಾರಿಯಲ್ಲಿ ಹತ್ತಿರ. ನಡುವೆ ಸಿಡ್ಲಫಡಿ ಸಿಗುತ್ತದೆ: ಕಮಾನಿನಂತೆ ತೂತು ಬಿದ್ದ ದೊಡ್ಡ ಬಂಡೆ, ಅದರಡಿ ಇತಿಹಾಸಕ್ಕೂ ಹಿಂದಿನ ಜನ ಬರೆದ ಚಿತ್ರಗಳು. ಮುಟ್ಟಬೇಡಿ. ಫೋಟೊ ಚೆನ್ನಾಗಿ ಬರಲಿ ಅಂತ ನೀರು ಎರಚುವವರನ್ನು ನೋಡಿದ್ದೇನೆ, ಅಂಥವರಿಗೆ ಏನು ಹೇಳುವುದು.

ಜನ ದಾರಿ ತಪ್ಪುವುದು ಗುಡ್ಡ ಹತ್ತುವಾಗ ಅಲ್ಲ, ಹತ್ತಿದ ಮೇಲೆ. ಮೇಲೆಲ್ಲ ಸಮತಟ್ಟು, ಕುರುಚಲು ಗಿಡ, ದನ-ಕುರಿ ಓಡಾಡಿದ ನೂರು ಕಾಲುದಾರಿ. ಎಲ್ಲವೂ ದಾರಿಯೇ ಅನಿಸುತ್ತದೆ. ಬೋರ್ಡು ನಂಬಿಕೊಂಡು ಹೋಗಬೇಡಿ. ಫೋನಿನ ಮ್ಯಾಪು ಮೊದಲೇ ಇಳಿಸಿಕೊಳ್ಳಿ, ಕೊಳ್ಳದೊಳಗೆ ಸಿಗ್ನಲ್ ಹೋಗುತ್ತದೆ. ಆದರೆ ಮ್ಯಾಪಿನಲ್ಲಿ ಇನ್ನೂರು ಹೆಜ್ಜೆ ಅಂತ ಕಾಣುವ ಕಡೆ ನಿಜದಲ್ಲಿ ನೆಟ್ಟಗಿನ ಬಂಡೆ ಇರುತ್ತದೆ. ಕೊಳ್ಳಕ್ಕೆ ಇಳಿಯುತ್ತಾ ಹೋಗಿ ಕಾಲುದಾರಿ ಬಂಡೆಯ ಅಂಚಿಗೆ ನಿಂತರೆ, ಹಾರಿ ಇಳಿಯುವ ಧೈರ್ಯ ಮಾಡಬೇಡಿ. ಬಂದ ದಾರಿಯಲ್ಲೇ ಮೇಲೆ ಹತ್ತಿ. ಇಳಿದ ಜಾಗದಲ್ಲಿ ಮತ್ತೆ ಹತ್ತಲು ಆಗದೆ ಸಿಕ್ಕಿಹಾಕಿಕೊಳ್ಳುವವರೇ ಜಾಸ್ತಿ.

ಕುರಿ ಕಾಯುವವರು ಸಿಕ್ಕೇ ಸಿಗುತ್ತಾರೆ. ಅವರನ್ನು ‘ಮಹಾಕೂಟ ಎಷ್ಟು ದೂರ’ ಅಂತ ಕೇಳಬೇಡಿ. ‘ಇಲ್ಲೇ ಐತ್ರಿ’ ಅಂತಾರೆ, ಅದು ಅರ್ಧ ಗಂಟೆಯೂ ಇರಬಹುದು, ಎರಡು ಗಂಟೆಯೂ ಇರಬಹುದು. ‘ಮುಂದೆ ಯಾವ ಬಂಡೆ ಎಡಕ್ಕೆ ಬಿಡಬೇಕು, ಎಲ್ಲಿ ಇಳಿಯಬೇಕು’ ಅಂತ ಕೇಳಿ. ಆಗ ಕೋಲು ಚಾಚಿ ತೋರಿಸುತ್ತಾರೆ. ನಿಜ ಹೇಳಬೇಕೆಂದರೆ ಸಿಡ್ಲಫಡಿಗೆ ಮೊದಲ ಸಲ ಹೋಗುವವರು ಊರಿನ ಒಬ್ಬರನ್ನು ಕರೆದುಕೊಂಡು ಹೋಗುವುದೇ ಒಳ್ಳೆಯದು. ಗೈಡ್ ಬೇಡ ಅಂದಿರಿ, ಗೊತ್ತು. ಆ ಅರ್ಧ ದಿನಕ್ಕೆ ಮಾತ್ರ ಹಟ ಬಿಡಿ.

ಮಹಾಕೂಟಕ್ಕೆ ಇಳಿಯುವಾಗ ಹಳೇ ಬಾಗಿಲು ಸಿಗುತ್ತದೆ, ಎಲುಬಿನ ಗೂಡಿನಂಥ ಎರಡು ಮೂರ್ತಿಗಳು ಕಾವಲಿಗೆ. ಒಳಗೆ ವಿಷ್ಣು ಪುಷ್ಕರಣಿ, ಬುಗ್ಗೆಯ ನೀರು. ಬಿಸಿಲಲ್ಲಿ ನಡೆದು ಬಂದು ಅದರಲ್ಲಿ ಮುಳುಗು ಹಾಕದೆ ಬಂದವರು ಯಾರಿದ್ದಾರೆ ಹೇಳಿ!

ಬಾದಾಮಿಯಿಂದಲೇ ಇನ್ನೊಬ್ಬರು, ಬಂಡೆ ಹತ್ತುವವರು:

ಅಣ್ಣ ಹೇಳಿದ್ದೆಲ್ಲ ಸರಿ. ಎರಡು ಸೇರಿಸುತ್ತೇನೆ. ನಮ್ಮದು ಮರಳುಗಲ್ಲು. ಮಳೆ ಬಂದು ಒದ್ದೆಯಾದಾಗ ಮೆತ್ತಗಾಗುತ್ತದೆ, ಹಿಡಿದ ಅಂಚು ಕೈಗೇ ಕಿತ್ತು ಬರುತ್ತದೆ. ಮಳೆ ನಿಂತು ಒಂದೆರಡು ದಿನ ಒಣಗುವ ತನಕ ನಾವು ಹತ್ತುವುದಿಲ್ಲ. ನೀವೂ ಒದ್ದೆ ಅಂಚಿನ ಮೇಲೆ ನಿಂತು ಫೋಟೊ ತೆಗೆಯಬೇಡಿ.

ಎರಡನೆಯದು ಹೆಜ್ಜೇನು. ಬಂಡೆಯ ಚಾಚಿನ ಕೆಳಗೆ ದೊಡ್ಡ ಗೂಡುಗಳಿರುತ್ತವೆ. ಸೆಂಟು ಹಾಕಿಕೊಂಡು ಬರಬೇಡಿ, ಕೊಳ್ಳದಲ್ಲಿ ಬೆಂಕಿ ಮಾಡಬೇಡಿ, ಕಲ್ಲು ಎಸೆಯಬೇಡಿ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಓಡಿ. ಕೋತಿಗಳ ಬಗ್ಗೆ ಬೇರೆ ಹೇಳಬೇಕಾ? ಗುಹೆಗಳ ಹತ್ತಿರ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇದ್ದರೆ ಅದು ಅವುಗಳದ್ದೇ.

ವಿಜಯಪುರದಿಂದ:

ನಮ್ಮಲ್ಲಿ ಗುಡ್ಡ ಇಲ್ಲ, ಗುಮ್ಮಟ ಇದೆ. ಗುಡ್ಡ ಬೇಕಾದಾಗ ಸೊಲ್ಲಾಪುರ-ಗದಗ ರೈಲು ಹತ್ತಿ ಬಾದಾಮಿಗೆ ಹೋಗುತ್ತೇವೆ. ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ. ದೂರ, ಅಲ್ಲಿಂದ ಟಂಟಂ ಇರುತ್ತದೆ.

ಬಿಸಿಲಿನ ಬಗ್ಗೆ ಬಿಜಾಪುರದವರು ಹೇಳಿದರೆ ಕೇಳಬೇಕು. ಅಕ್ಟೋಬರ್ ಬಿಸಿಲು ಏಪ್ರಿಲ್ ಬಿಸಿಲಲ್ಲ, ನಿಜ. ಆದರೆ ಹನ್ನೊಂದರ ಮೇಲೆ ಬಂಡೆ ಕಾದು ಮೇಲಿಂದಲೂ ಕೆಳಗಿಂದಲೂ ಸುಡುತ್ತದೆ. ಆರೂವರೆಗೆ ಹೊರಡಿ, ಹನ್ನೊಂದಕ್ಕೆ ನೆರಳು ಹಿಡಿಯಿರಿ, ಮೂರೂವರೆ ಮೇಲೆ ಮತ್ತೆ ಏಳಿ. ಒಬ್ಬರಿಗೆ 3 ಲೀಟರ್ ನೀರು, ಕಡಿಮೆ ಬೇಡ. ಕೊಳ್ಳದ ಸೆಲೆಯ ನೀರು ಸ್ವಚ್ಛವಾಗಿ ಕಂಡರೂ ದನಗಳೂ ಅಲ್ಲೇ ಕುಡಿಯುತ್ತವೆ, ಹಾಗೇ ಕುಡಿಯಬೇಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಕೆಡುವುದಿಲ್ಲ, ಭಾರವಿಲ್ಲ. ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ತಾಯಂದಿರ ಹತ್ತಿರ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ಮೊಸರು ಸಿಗುತ್ತದೆ. ಅದಕ್ಕಾಗಿಯೇ ಬಾದಾಮಿಯಿಂದ ಅಲ್ಲಿಗೆ 5 ಕಿ.ಮೀ. ನಡೆಯಬಹುದು.

ಒಂದು ಅಡ್ಡ ಮಾತು: ಮಹಾಕೂಟದಲ್ಲಿ ನಿಂತಿದ್ದ ಮಂಗಳೇಶನ ಶಾಸನದ ಕಂಬ ಈಗ ನಮ್ಮೂರಿನ ಮ್ಯೂಸಿಯಂನಲ್ಲಿದೆ. ಮಹಾಕೂಟದಲ್ಲಿ ಹುಡುಕಿ ನಿರಾಸೆ ಪಡಬೇಡಿ.

ಬಾಗಲಕೋಟೆಯಿಂದ, ಶಾಲಾ ಶಿಕ್ಷಕಿ:

ಅಕ್ಕಾ, ‘ಇಬ್ಬರೇ ನಡೆಯಬಹುದಾ’ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ. ಗಂಡಸರಿಗೆ ಅದು ಹೊಳೆಯುವುದಿಲ್ಲ. ನಾವು ಗೆಳತಿಯರು ಸೇರಿ ಈ ಕಡೆ ಓಡಾಡುತ್ತೇವೆ, ಹಾಗಾಗಿ ಹೇಳುತ್ತೇನೆ.

ಬಾದಾಮಿ ಊರಿನ ಗುಡ್ಡಗಳು, ಐಹೊಳೆ, ಪಟ್ಟದಕಲ್ಲು: ಇಬ್ಬರೇ ಧಾರಾಳವಾಗಿ ಹೋಗಿ. ಜನ ಇರುತ್ತಾರೆ, ಟಿಕೆಟ್ ಇರುವ ಕಡೆ ಕಾವಲುಗಾರರೂ ಶೌಚಾಲಯವೂ ಇರುತ್ತದೆ. ಹೊರಡುವ ಮುಂಚೆ ಅಲ್ಲೇ ಹೋಗಿ ಬನ್ನಿ, ಗುಡ್ಡದ ಮೇಲೆ ಏನೂ ಇಲ್ಲ. ಸಿಡ್ಲಫಡಿ ಮತ್ತು ನಂದಿಕೇಶ್ವರದ ಆಚೆ ಕಾಡಿನೊಳಗಿನ ನಾಗನಾಥ ಗುಡಿಗೆ ಇಬ್ಬರೇ ಬೇಡ. ಅಲ್ಲಿನ ಜನ ಕೆಟ್ಟವರು ಅಂತ ಅಲ್ಲ. ಕಾಲು ಉಳುಕಿದರೆ ಕೂಗು ಕೇಳುವವರು ಇರುವುದಿಲ್ಲ. ಮನೆಯವರು ಇರುವ ದಿನಗಳಿಗೆ ಅವನ್ನು ಇಟ್ಟುಕೊಳ್ಳಿ.

ನಿಮ್ಮಿಬ್ಬರಿಗೆ ನನ್ನ ಆಯ್ಕೆ ಸಿದ್ಧನಕೊಳ್ಳದಿಂದ ಐಹೊಳೆ. ಪಟ್ಟದಕಲ್ಲು-ಐಹೊಳೆ ನಡುವೆ ಬಸ್ಸು ಇಳಿಯಿರಿ. ಬಂಡೆಯ ಚಾಚಿನಡಿ ಸಿದ್ಧೇಶ್ವರ ಗುಡಿ, ಪಕ್ಕದಲ್ಲಿ ಲಜ್ಜಾಗೌರಿ. ಮಕ್ಕಳಾಗಲಿ ಅಂತ ಹರಕೆ ಹೊರುವವರು ಬರುತ್ತಾರೆ. ಮಳೆಗಾಲದಲ್ಲಿ ಮೇಲಿಂದ ನೀರು ಸುರಿಯುತ್ತದೆ. ಅಲ್ಲಿಂದ ಐಹೊಳೆಗೆ ನಡೆದು ಮೇಗುಟಿ ಗುಡ್ಡ ಹತ್ತಿ. ರವಿಕೀರ್ತಿ ಪುಲಕೇಶಿಯನ್ನು ಹೊಗಳಿ ಬರೆದ 634ರ ಶಾಸನ ಅಲ್ಲಿಯೇ ಗೋಡೆಯಲ್ಲಿದೆ. ಮೇಲಿಂದ ಮಲಪ್ರಭೆಯೂ ಹೊಲಗಳೂ ಕಾಣುತ್ತವೆ.

ಹಾವು ಇವೆ. ಗರಗಸ ಮಂಡಲ ಚಿಕ್ಕದು, ಕಲ್ಲಿನ ಬಣ್ಣದ್ದೇ, ಕಾಣುವುದಿಲ್ಲ. ಬೂಟು ಹಾಕಿ, ಕಾಣದ ಬಿರುಕಿಗೆ ಕೈ ಹಾಕಬೇಡಿ, ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ ನಡೆಯಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ. ಮಳೆ ಮೋಡ ಕಟ್ಟಿದರೆ ಕೊಳ್ಳದ ತಳದಲ್ಲಿ ಕೂರಬೇಡಿ, ಎಲ್ಲೋ ಸುರಿದ ನೀರು ಇಲ್ಲಿ ಬರುತ್ತದೆ.

ಗೋಕಾಕದಿಂದ:

ಮಗಳ ಪರ ಮಾತಾಡಲು ಯಾರೂ ಇಲ್ಲವಲ್ಲ, ನಾನು ಬಂದೆ. ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ತೂಗು ಸೇತುವೆ ಮೇಲಿಂದ ಕೊರಕಲು ನೋಡಿದರೆ ಬಾದಾಮಿ ನೆನಪಾಗುತ್ತದೆ. ಆಶ್ಚರ್ಯ ಇಲ್ಲ, ಎರಡೂ ಕಡೆಯ ಬಂಡೆ ಭೂವಿಜ್ಞಾನಿಗಳು ಕಲಾದಗಿ ಅಂತ ಕರೆಯುವ ಕುಟುಂಬದ್ದೇ.

ತೊಂದರೆ ಏನಪ್ಪಾ ಅಂದರೆ ಕಾಲ. ನಮ್ಮ ನೀರು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಬಾದಾಮಿಯ ನಡಿಗೆ ಅಕ್ಟೋಬರ್‌ನಿಂದ ಜನವರಿವರೆಗೆ. ಎರಡೂ ಕೂಡುವುದು ದಸರಾ ಹೊತ್ತಿಗೆ ಮಾತ್ರ, ಹಾಗಾಗಿ ನಿಮ್ಮ ರಜೆ ಸರಿಯಾಗಿಯೇ ಬಿದ್ದಿದೆ. ಬಾದಾಮಿಗೆ ಹೋಗುವ ಮುಂಚೆ ಒಂದು ದಿನ ಇಲ್ಲಿ ನಿಲ್ಲಿ. ಬೆಳಿಗ್ಗೆ ಗೋಕಾಕ ಫಾಲ್ಸ್, ಆಮೇಲೆ ಮಾರ್ಕಂಡೇಯ ಹೊಳೆಯ ಗೊಡಚಿನಮಲ್ಕಿ. ಅಲ್ಲಿ ನೀರು ಎರಡು ಹಂತದಲ್ಲಿ ಇಳಿಯುತ್ತದೆ. ಪಾಚಿ ಕಟ್ಟಿದ ಬಂಡೆಗೆ ಮಾತ್ರ ಇಳಿಯಬೇಡಿ. ಪ್ರತಿ ಮಳೆಗಾಲ ಯಾರೋ ಜಾರಿ ಬೀಳುತ್ತಾರೆ, ಹೆಚ್ಚಿನವರು ಸೆಲ್ಫಿಗೆ ಹೋದವರೇ.

ಬೆಳಗಾವಿಯಿಂದ, ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಮನೆಯವರಿಗೆ ಓದಿ ಹೇಳಿದೆ, ಖಾನಾಪುರ ಬಿಟ್ಟರು. ಗೋಕಾಕ ಒಂದು ದಿನ, ಉಳಿದದ್ದು ಬಾದಾಮಿ. ಮೊದಲೆರಡು ದಿನ ಮೂವರೂ ಇರುತ್ತೇವೆ, ಸಿಡ್ಲಫಡಿಗೆ ಊರಿನವರೊಬ್ಬರನ್ನು ಕರೆಯುತ್ತೇವೆ. ಐಹೊಳೆ ದಿನ ನಾನು, ಮಗಳು. ಒಂದೇ ಪ್ರಶ್ನೆ: ಐಹೊಳೆಯಿಂದ ಸಂಜೆ ವಾಪಸ್ ಬರುವುದು ಹೇಗೆ?

ಬಾಗಲಕೋಟೆಯ ಶಿಕ್ಷಕಿ:

ಬೆಳಿಗ್ಗೆ ಇಳಿದ ಕೂಡಲೇ ಕೊನೆಯ ಬಸ್ಸಿನ ಹೊತ್ತು ಕಂಡಕ್ಟರನ್ನೇ ಕೇಳಿ, ಅದಕ್ಕಿಂತ ಒಂದು ಬಸ್ಸು ಮುಂಚೆ ಹೊರಡಿ. ಬಸ್ಸು ಬರಲಿಲ್ಲ ಅಂದರೆ ಅಮೀನಗಡದ ಕಡೆ ಟಂಟಂ ಹಿಡಿಯಿರಿ, ಅದು ದೊಡ್ಡ ರಸ್ತೆಯ ಊರು, ಬಸ್ಸು ಜಾಸ್ತಿ. ಅಲ್ಲಿ ಇಳಿದಾಗ ಕರದಂಟು ತಗೊಳ್ಳಿ, ಮರುದಿನದ ನಡಿಗೆಗೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ.

ಗೋಕಾಕದಿಂದ:

ಕರದಂಟು ಅಮೀನಗಡದಲ್ಲಿ ತಗೊಳ್ಳುವುದಾ? ಅಕ್ಕಾ, ನೀವು ಮೊದಲು ಬರುವುದು ನಮ್ಮೂರಿಗೆ. ಇಲ್ಲೇ ಎರಡು ಕೆ.ಜಿ. ಕಟ್ಟಿಸಿಕೊಂಡು ಹೋಗಿ, ಅಲ್ಲಿ ಹೋಗಿ ಅವರದ್ದೂ ತಿಂದು ನೋಡಿ, ಆಮೇಲೆ ಇಲ್ಲಿ ಬಂದು ಬರೆಯಿರಿ.