ವಯಸ್ಸು ಎನ್ನುವುದು ನಿಜಕ್ಕೂ ಯಾವುದರ ಲೆಕ್ಕ?

ಪ್ರಶ್ನೆ:
ನನಗೆ 58 ವರ್ಷ. ಈಚೆಗೆ ಮೊಬೈಲಿನಲ್ಲಿ ಒಂದು ಅರ್ಜಿ ತುಂಬುವಾಗ, ಹುಟ್ಟಿದ ಇಸವಿ ಸಿಗುವವರೆಗೆ ಪಟ್ಟಿಯನ್ನು ಬೆರಳಿನಿಂದ ಸರಿಸುತ್ತಲೇ ಹೋಗಬೇಕಾಯಿತು. ಅಂದಿನಿಂದ ಈ ಪ್ರಶ್ನೆ ಕಾಡುತ್ತಿದೆ. ಭೂಮಿ ಸೂರ್ಯನನ್ನು 58 ಸಲ ಸುತ್ತಿ ಬಂದಿತು ಎಂಬುದು ಭೂಮಿಯ ಸಂಗತಿಯೇ ಹೊರತು ನನ್ನ ಸಂಗತಿ ಹೇಗಾದೀತು? ಮಂಡಿಗಳು ಒಂದು ವಯಸ್ಸನ್ನು ಹೇಳುತ್ತವೆ; ಒಳಗೆ ಮಾತಾಡಿಕೊಳ್ಳುವ ನಾನು ಮಾತ್ರ ಇಪ್ಪತ್ತರಲ್ಲಿ ಇದ್ದವನೇ ಎನ್ನಿಸುತ್ತದೆ. ನೆನಪೇ ಇಲ್ಲದ ಮೊದಲ ವರ್ಷಗಳೂ, ನಿದ್ದೆಯಲ್ಲಿ ಕಳೆದ ಮೂರನೆಯ ಒಂದು ಭಾಗವೂ ಈ ಲೆಕ್ಕದಲ್ಲಿ ಸೇರಿವೆ. ಹೀಗಿರುವಾಗ ಇವುಗಳಲ್ಲಿ ಯಾವುದನ್ನು ನನ್ನ ವಯಸ್ಸು ಎನ್ನಬೇಕು?

ಉತ್ತರ 1:
ದೇಹವನ್ನು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಲ್ಲಿ ಹೊಸದಾಗುತ್ತವೆ. ಆದರೆ ಕಣ್ಣಿನ ಮಸೂರದ ನಡುಭಾಗ ನಾವು ಹುಟ್ಟುವ ಮೊದಲೇ ರೂಪುಗೊಂಡು ಕೊನೆಯವರೆಗೂ ಹಾಗೆಯೇ ಉಳಿಯುತ್ತದೆ, ಮತ್ತು ಮಿದುಳಿನ ಹೊರಪದರದ ನರಕೋಶಗಳು ಬಹುಮಟ್ಟಿಗೆ ನಮ್ಮಷ್ಟೇ ಹಳೆಯವು. 1950 ಮತ್ತು 60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳು ವಾತಾವರಣದಲ್ಲಿ ಹೆಚ್ಚಿಸಿದ ಕಾರ್ಬನ್-14 (ಇಂಗಾಲದ ವಿಕಿರಣಶೀಲ ರೂಪ), ಕೋಶ ಹುಟ್ಟಿದ ಕಾಲದಲ್ಲಿ ಗಾಳಿಯಲ್ಲಿದ್ದ ಪ್ರಮಾಣದಲ್ಲೇ ಅದರ ಡಿಎನ್ಎಯಲ್ಲಿ ಸೇರಿಕೊಂಡಿದ್ದರಿಂದ ನರಕೋಶಗಳಂತಹವುಗಳ ವಯಸ್ಸಿನ ಲೆಕ್ಕ ಸಾಧ್ಯವಾಯಿತು.

‘ಜೈವಿಕ ವಯಸ್ಸು’ ಎಂಬ ಮಾತನ್ನು ಈಗ ಎಲ್ಲೆಡೆ ಕೇಳುತ್ತೇವೆ. 2013ರಲ್ಲಿ ವಿಜ್ಞಾನಿ ಸ್ಟೀವ್ ಹೋರ್ವತ್ ಡಿಎನ್‌ಎಯ 353 ತಾಣಗಳಲ್ಲಿನ ಮೀಥೈಲೇಷನ್ (ಡಿಎನ್ಎಗೆ ಅಂಟಿಕೊಳ್ಳುವ ಒಂದು ರಾಸಾಯನಿಕ ಗುರುತು) ಪ್ರಮಾಣದಿಂದ ವಯಸ್ಸನ್ನು ಅಂದಾಜು ಮಾಡುವ ‘ಗಡಿಯಾರ’ವೊಂದನ್ನು ಪ್ರಕಟಿಸಿದರು. ಆದರೆ ಆ ಗಡಿಯಾರವನ್ನು ಹೊಂದಿಸಿದ್ದು ಜನರ ಕ್ಯಾಲೆಂಡರ್ ವಯಸ್ಸಿಗೇ ಎಂಬುದನ್ನು ಮರೆಯಬಾರದು. ಕ್ಯಾಲೆಂಡರನ್ನು ಬದಿಗಿಟ್ಟರೆ ‘ನಿಮ್ಮ ದೇಹ ಐದು ವರ್ಷ ಚಿಕ್ಕದು’ ಎಂಬ ಮಾತಿಗೆ ಅರ್ಥವೇ ಉಳಿಯದು. ರೋಗ ಮತ್ತು ಸಾವಿನ ಸಂಭವವನ್ನು ಆಧರಿಸಿ ಅನಂತರ ಬಂದ ಗಡಿಯಾರಗಳೂ ಇವೆ. ಅವು ಅಳೆಯುವುದು ದೇಹದ ಸವೆತವನ್ನು. ಸವೆತವೂ ವಯಸ್ಸೂ ಒಂದೇ ಅಲ್ಲ ಎಂದು ನನ್ನ ಅಭಿಪ್ರಾಯ.

ಉತ್ತರ 2:
ಲೆಕ್ಕ ಹಾಕುವ ಕ್ರಮ ಬೇರೆ, ಲೆಕ್ಕಕ್ಕೆ ಒಳಗಾದದ್ದು ಬೇರೆ. ದಕ್ಷಿಣ ಕೊರಿಯಾದ ಸಾಂಪ್ರದಾಯಿಕ ಎಣಿಕೆಯಲ್ಲಿ ಹುಟ್ಟಿದ ಕೂಡಲೇ ಮಗುವಿಗೆ ಒಂದು ವರ್ಷ. ಆಮೇಲೆ ಪ್ರತಿ ಜನವರಿ 1ಕ್ಕೆ ಇನ್ನೊಂದು. 2023ರ ಜೂನ್‌ನಲ್ಲಿ ಅಲ್ಲಿನ ಕಾನೂನು ಅಂತರರಾಷ್ಟ್ರೀಯ ಎಣಿಕೆಯನ್ನೇ ಖಚಿತಪಡಿಸಿದಾಗ ಜನರ ವಯಸ್ಸು ಒಂದೋ ಎರಡೋ ವರ್ಷ ಇಳಿಯಿತು. ಆದರೂ ಬದುಕಿದ ಒಂದು ದಿನವನ್ನೂ ಯಾರೂ ಕಳೆದುಕೊಳ್ಳಲಿಲ್ಲ.

2018ರಲ್ಲಿ ನೆದರ್ಲೆಂಡ್ಸ್‌ನ ಎಮಿಲ್ ರಾಟೆಲ್‌ಬಾಂಡ್ ಕೇಳಿದ್ದು ಬೇರೆಯದನ್ನೇ. ಆಗ 69 ವರ್ಷದವರಾಗಿದ್ದ ಅವರು, ಹೆಸರನ್ನು ಬದಲಾಯಿಸಿಕೊಳ್ಳಬಹುದಾದರೆ ವಯಸ್ಸನ್ನೇಕೆ ಬದಲಾಯಿಸಿಕೊಳ್ಳಬಾರದು ಎಂದು ವಾದಿಸಿ, ಜನ್ಮದಿನಾಂಕವನ್ನು 20 ವರ್ಷ ಮುಂದಕ್ಕೆ ಹಾಕಿಕೊಡುವಂತೆ ನ್ಯಾಯಾಲಯವನ್ನು ಕೋರಿದರು. ತಾವು ಚಿಕ್ಕವರೆಂದು ಭಾವಿಸಲು ಅವರು ಸ್ವತಂತ್ರರು, ಆದರೆ ದಾಖಲೆ ತಿದ್ದಿದರೆ 20 ವರ್ಷಗಳ ಘಟನೆಗಳೇ ಅಳಿಸಿಹೋಗುತ್ತವೆ ಎಂದು ನ್ಯಾಯಾಲಯ ನಿರಾಕರಿಸಿತು. ನನಗೆ ಆ ತೀರ್ಪು ಸರಿಯೆನಿಸುತ್ತದೆ. ಆ 20 ವರ್ಷಗಳು ಅವರೊಬ್ಬರ ಸೊತ್ತಾಗಿರಲಿಲ್ಲ. ಅವುಗಳಲ್ಲಿ ಅವರೊಡನೆ ಬಾಳಿದವರ ಪಾಲೂ ಇತ್ತು.

ಉತ್ತರ 3:
ಮೇಲಿನವರ ಕೊನೆಯ ಮಾತಿನಿಂದಲೇ ಮುಂದುವರಿಯುತ್ತೇನೆ. ನನ್ನ ಅಣ್ಣ 34ನೆಯ ವಯಸ್ಸಿನಲ್ಲಿ ತೀರಿಕೊಂಡ. ನನಗೀಗ 49. ಅವನ ಫೋಟೋದಲ್ಲಿರುವುದು ಒಂದೂ ನರೆಗೂದಲಿಲ್ಲದ ತರುಣನ ಮುಖ. ಅಪರಿಚಿತರು ಅದನ್ನು ನೋಡಿದರೆ ನನ್ನ ತಮ್ಮನೆಂದೇ ತಿಳಿಯುತ್ತಾರೆ. ಆದರೂ ಕನಸಿನಲ್ಲಿ ಅವನು ಗದರಿದರೆ ನಾನು ಇಂದಿಗೂ ಎದುರಾಡುವುದಿಲ್ಲ. ವರ್ಷಗಳ ಎಣಿಕೆಯಲ್ಲಿ ನಾನು ಅವನನ್ನು ದಾಟಿ ಬಂದಿದ್ದೇನೆ, ಆದರೆ ಅವನು ನನಗಿಂತ ಮೊದಲು ಬಂದವನೆಂಬುದನ್ನು ದಾಟುವುದಕ್ಕೆ ಸಾಧ್ಯವಿಲ್ಲ. ಹೀಗಾಗಿ ವಯಸ್ಸನ್ನು ಒಬ್ಬ ವ್ಯಕ್ತಿಯ ಗುಣವೆಂದು ನೋಡುವುದಕ್ಕಿಂತ, ಅವನು ಯಾರ ನಂತರ ಬಂದ, ಯಾರೊಡನೆ ಇದ್ದ, ಯಾರಿಗಿಂತ ಹೆಚ್ಚು ಕಾಲ ಉಳಿದ ಎಂಬ ಸಂಬಂಧವಾಗಿ ನೋಡುವುದೇ ಸರಿಯೆಂದು ನಾನು ನಂಬಿದ್ದೇನೆ.

ಇನ್ನೊಂದು ಸಂಗತಿಯೂ ಇದೆ. ಕಾಯಿಲೆ ಬಲಿತ ಮೇಲೆ ಅಣ್ಣ ಹಳೆಯ ಜಗಳಗಳನ್ನೆಲ್ಲ ಬಿಟ್ಟುಬಿಟ್ಟ. ಹೊಸಬರನ್ನು ನೋಡಲು ಒಪ್ಪದೆ, ತೀರ ಹತ್ತಿರದವರನ್ನಷ್ಟೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಇದನ್ನು ನಾವು ಮುಪ್ಪಿನ ಲಕ್ಷಣವೆನ್ನುತ್ತೇವೆ. ಮುಂದಿರುವ ಕಾಲ ಕಡಿಮೆಯೆಂದು ತಿಳಿದಾಗ ಕಿರಿಯರೂ ವೃದ್ಧರಂತೆಯೇ ಆಪ್ತರನ್ನು ಆರಿಸಿಕೊಳ್ಳುತ್ತಾರೆಂದು ಮನೋವಿಜ್ಞಾನಿ ಲಾರಾ ಕಾರ್‌ಸ್ಟೆನ್‌ಸನ್ ತಮ್ಮ ಅಧ್ಯಯನಗಳಲ್ಲಿ ತೋರಿಸಿದ್ದಾರೆ. ವಯಸ್ಸಿನಿಂದ ಬಂತೆಂದು ನಾವು ಹೇಳುವ ಎಷ್ಟೋ ಮಾರ್ಪಾಡುಗಳು ಕಳೆದ ವರ್ಷಗಳಿಂದಲ್ಲ, ಉಳಿದ ವರ್ಷಗಳಿಂದ ಬರುತ್ತವೆ.

ಪ್ರಶ್ನೆ ಕೇಳಿದವರಿಂದ:
ಅಣ್ಣನವರ ವಿಷಯವನ್ನು ಇಲ್ಲಿ ಹಂಚಿಕೊಂಡದ್ದಕ್ಕೆ ಕೃತಜ್ಞ. ಒಳಗಿನ ನಾನು ಬದಲಾಗಿಲ್ಲ ಎಂದು ಬರೆದಿದ್ದೆ. ಈಗ ಯೋಚಿಸಿದರೆ, ‘ನಾನಿನ್ನೂ ಹಾಗೆಯೇ ಇದ್ದೇನೆ’ ಎಂಬ ಮಾತನ್ನು ಇಪ್ಪತ್ತರ ಹುಡುಗ ಆಡಲಾರ. ಹೋಲಿಸಿಕೊಳ್ಳಲು ಅವನ ಹಿಂದೆ ಅಷ್ಟು ಕಾಲವೇ ಇರುವುದಿಲ್ಲ. ಬದಲಾಗಿಲ್ಲವೆಂಬ ಆ ಅನಿಸಿಕೆಗೂ 58 ವರ್ಷ ಬೇಕಾಯಿತು. ಆದರೆ ವಯಸ್ಸು ಸಂಬಂಧವೆಂಬುದನ್ನು ಒಪ್ಪಿದರೆ ಒಂದು ತೊಡಕು ಉಳಿಯುತ್ತದೆ: ಜೊತೆಗಿದ್ದವರೆಲ್ಲ ತೀರಿಹೋಗಿ, ತನ್ನ ನೆನಪೂ ಅಳಿದುಹೋದ ವೃದ್ಧರ ವಿಷಯದಲ್ಲಿ ಆ ಸಂಬಂಧ ಯಾರ ಬಳಿ ಉಳಿದಿದೆ ಎನ್ನಬೇಕು? ಈ ಬಗ್ಗೆ ಯೋಚಿಸಿದವರು ದಯವಿಟ್ಟು ಬರೆಯಿರಿ.