ಎಸ್‌ಎಸ್‌ಡಿಗೂ ಡಿಫ್ರಾಗ್ ಮಾಡಬೇಕಾ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡ್ತೀನಿ. ಎಕ್ಸ್‌ಪಿ ಕಾಲದಿಂದ ತಿಂಗಳಿಗೊಮ್ಮೆ ರಾತ್ರಿ ಡಿಫ್ರಾಗ್ (ಚೆದುರಿದ ಫೈಲಿನ ತುಂಡುಗಳನ್ನು ಒಂದೆಡೆ ಜೋಡಿಸೋದು) ಹಾಕಿ ಅಂಗಡಿ ಬಾಗಿಲು ಹಾಕೋದು ರೂಢಿ. ಹೋದ ವರ್ಷ ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ (ತಟ್ಟೆ ಬದಲು ಚಿಪ್ಪಿನಲ್ಲಿ ಫೈಲು ಇಡುವ ಡ್ರೈವ್) ಹಾಕಿಸಿದೆ. ಈಗ ಒಂದು ಫ್ರೀ ಸಾಫ್ಟ್‌ವೇರ್‌ನಲ್ಲಿ ನೋಡಿದ್ರೆ ಪರದೆ ತುಂಬ ಕೆಂಪು ಚೌಕ, 31% ಫ್ರಾಗ್ಮೆಂಟೆಡ್ ಅಂತಿದೆ. ಹಾಗೇ ಬಿಟ್ರೆ ತೊಂದ್ರೆನಾ?

ಉತ್ತರ: ಏನೂ ತೊಂದರೆ ಇಲ್ಲ. ಡಿಫ್ರಾಗ್ ಮಾಡಬೇಡಿ, ಆ ಸಾಫ್ಟ್‌ವೇರನ್ನೂ ತೆಗೆದುಬಿಡಿ.

ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತೆ, ಓದುವ ಹೆಡ್ ಅತ್ತಿತ್ತ ಓಡಾಡುತ್ತೆ. ನಿಮಿಷಕ್ಕೆ 5400 ಸುತ್ತು (ಆರ್‌ಪಿಎಂ) ತಿರುಗುವ ಡಿಸ್ಕು ಒಂದು ಸುತ್ತು ಬರೋಕೆ ಸುಮಾರು 11 ಮಿಲಿಸೆಕೆಂಡು ಬೇಕು. ಫೈಲು ನೂರು ತುಂಡಾಗಿ ಚೆದುರಿದ್ದರೆ ಹೆಡ್ಡು ನೂರು ಸಲ ಜಾಗ ಬದಲಿಸಿ, ಆ ತುಂಡು ತನ್ನ ಕೆಳಗೆ ಬರೋವರೆಗೂ ಕಾಯಬೇಕು. ಅಲ್ಲಿ ನಿಮ್ಮ ರೂಢಿ ಸರಿಯಾಗೇ ಇತ್ತು. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ. ಯಾವ ಮೂಲೆಯ ತುಂಡಾದರೂ ಸುಮಾರು 0.1 ಮಿಲಿಸೆಕೆಂಡಿಗೆ ಸಿಗುತ್ತೆ.

ಆ ಕೆಂಪು ಚೌಕಗಳು ವಿಂಡೋಸ್ ಇಟ್ಟುಕೊಂಡ ಲೆಕ್ಕ, ಅಷ್ಟೇ. ಚಿಪ್ಪಿನೊಳಗೆ ಯಾವುದು ಎಲ್ಲಿದೆ ಅಂತ ಗೊತ್ತಿರೋದು ಎಸ್‌ಎಸ್‌ಡಿಯನ್ನು ಒಳಗಿಂದ ನಡೆಸುವ ಕಂಟ್ರೋಲರ್‌ಗೆ ಮಾತ್ರ. ಒಂದೇ ಜಾಗ ಸವೆಯಬಾರದು ಅಂತ ಅದು ಬೇಕಂತಲೇ ಹಂಚಿ ಬರೆಯುತ್ತೆ. ನೀವು ಹೊರಗಿಂದ ಸಾಲಾಗಿ ಜೋಡಿಸಿದರೂ ಒಳಗೆ ಅದು ತನಗೆ ಬೇಕಾದ ಕಡೆಯೇ ಇಡೋದು.

ಸವೆತ ಮಾತ್ರ ನಿಜವಾಗಿ ಆಗುತ್ತೆ. ಎಸ್‌ಎಸ್‌ಡಿಯ ಚಿಪ್ಪಿನಲ್ಲಿರೋ ಫ್ಲ್ಯಾಶ್ ಮೆಮೊರಿಯ ಬ್ಲಾಕು ಒಂದು ಸ್ಲೇಟು ಅಂದ್ಕೊಳ್ಳಿ. ಒಂದಕ್ಷರ ಅಳಿಸೋಕೆ ಬರಲ್ಲ, ಪೂರ್ತಿ ಒರೆಸಬೇಕು. ಹಾಗೆ ಒರೆಸೋದಕ್ಕೂ ಮಿತಿ ಇದೆ. ಟಿಎಲ್‌ಸಿ ಅನ್ನೋ ಬಗೆಯ ಫ್ಲ್ಯಾಶ್ ಇರುವ ಡ್ರೈವಿನಲ್ಲಿ ಸಾಮಾನ್ಯವಾಗಿ 1000ದಿಂದ 3000 ಸಲ. ಈಗಾಗಲೇ ಒಂದೆರಡು ಸಲ ಡಿಫ್ರಾಗ್ ಮಾಡಿದ್ದರೆ ಹೆದರಬೇಡಿ, ಅಷ್ಟಕ್ಕೆಲ್ಲ ಹೋಗಲ್ಲ. ತಿಂಗಳು ತಿಂಗಳು ಹತ್ತಾರು ಜಿಬಿ ಸುಮ್ಮನೆ ಎತ್ತಿಟ್ಟು ಬರೆಸೋದು ಬೇಡ.

ಪ್ರಶ್ನೆ: ವಿಂಡೋಸಿನಲ್ಲೇ 'ಆಪ್ಟಿಮೈಜ್' ವಾರಕ್ಕೊಮ್ಮೆ ಅಂತ ಆನ್ ಇದೆಯಲ್ಲ ಸರ್, ಆಫ್ ಮಾಡ್ಲಾ?

ಉತ್ತರ: ಬೇಡ, ಅದು ಇರಲಿ. ಆ ಕಿಟಕಿಯಲ್ಲಿ ನಿಮ್ಮ ಡ್ರೈವಿನ ಮುಂದೆ 'ಸಾಲಿಡ್ ಸ್ಟೇಟ್ ಡ್ರೈವ್' ಅಂತ ಇದೆಯಾ, ಅದೊಂದು ನೋಡಿಕೊಳ್ಳಿ. ಇದ್ದರೆ ವಿಂಡೋಸ್ ಮುಖ್ಯವಾಗಿ ಕಳಿಸೋದು ಟ್ರಿಮ್. ಅಳಿಸಿದ ಫೈಲುಗಳ ಜಾಗ ಇನ್ನು ಬೇಕಾಗಿಲ್ಲ ಅಂತ ಡ್ರೈವಿಗೆ ತಿಳಿಸೋದು. ಇದರಿಂದ ಬರೆಯುವ ವೇಗ ಉಳಿಯುತ್ತೆ. ಸಿಸ್ಟಂ ರಿಸ್ಟೋರ್ (ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸೌಲಭ್ಯ) ಆನ್ ಇದ್ದರೆ ಆಗೊಮ್ಮೆ ಈಗೊಮ್ಮೆ ತಾನೇ ಡಿಫ್ರಾಗೂ ಮಾಡಿಕೊಳ್ಳುತ್ತೆ, ಯಾಕಂದ್ರೆ ಒಂದು ಫೈಲು ಎಷ್ಟು ತುಂಡಾಗಬಹುದು ಅನ್ನೋದಕ್ಕೆ ವಿಂಡೋಸ್ ಫೈಲುಗಳನ್ನು ಇಡುವ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲೂ ಮಿತಿ ಇದೆ. ಅದರ ಪಾಡಿಗೆ ಬಿಡಿ.

ಆದರೆ ಟ್ರಿಮ್ ಆದಮೇಲೆ ಅಳಿಸಿದ ಫೈಲು ರಿಕವರಿ ಸಾಫ್ಟ್‌ವೇರಿಗೂ ಸಿಗೋದು ಬಹುಮಟ್ಟಿಗೆ ಅಸಾಧ್ಯ. ಹಾರ್ಡ್ ಡಿಸ್ಕಿನಲ್ಲಿ ಎಷ್ಟೋ ಸಲ ಸಿಗ್ತಿತ್ತು. ಗ್ರಾಹಕರ ಲಗ್ನಪತ್ರಿಕೆ, ಪುಸ್ತಕದ ಪುಟಗಳೆಲ್ಲ ನಿಮ್ಮ ಹತ್ತಿರ ಇರುತ್ತೆ. ಬ್ಯಾಕಪ್ ಇಲ್ಲದೆ ಒಂದು ದಿನವೂ ಇರಬೇಡಿ.

ಪ್ರಶ್ನೆ: ತೆಗೆಸಿದ ಹಳೇ ಹಾರ್ಡ್ ಡಿಸ್ಕನ್ನೇ ಕೇಸಿಂಗ್‌ಗೆ ಹಾಕಿ ಬ್ಯಾಕಪ್‌ಗೆ ಇಟ್ಕೊಂಡಿದ್ದೀನಿ. ಅದಕ್ಕೆ ಡಿಫ್ರಾಗ್ ಮಾಡಬಹುದಾ?

ಉತ್ತರ: ಮಾಡಬಹುದು. ಅದಕ್ಕೂ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರಿನಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ 'ಕಾಷನ್' ಅಂತ ಬಂದರೆ ಡಿಫ್ರಾಗ್ ಕೊಟ್ಟು ದಣಿಸಬೇಡಿ. ಅವತ್ತೇ ಅದರಲ್ಲಿರೋದನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.